ಬೆಸುಗೆಶಾಸ್ತ್ರ ಪ್ರವೇಶಿಕೆ

ಯಾವ ಶಾಸ್ತ್ರವನ್ನೇ ಆರಂಭಿಸಲಿ, ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕನ್ನು ಮೊದಲು ಹೇಳಿಬಿಡಬೇಕೆಂದು ಪೂರ್ವಸೂರಿಗಳ ಕಟ್ಟಳೆ. ಹೇಳಿಬಿಡುತ್ತೇವೆ. ವಿಷಯ: ಸೋಲ್ಡರಿಂಗ್ ಐರನ್ ಮತ್ತು ಅದರ ಪರಿವಾರ. ಪ್ರಯೋಜನ: ಕಿತ್ತುಹೋದ ಹೆಡ್‌ಫೋನ್ ವೈರು ಮತ್ತೆ ಕೂಡಿಕೊಳ್ಳುವುದು. ಸಂಬಂಧ: ನೂರೈವತ್ತು ರೂಪಾಯಿಯ ಹೆಡ್‌ಫೋನಿಗೂ ಅದರ ರಿಪೇರಿಗೆಂದು ಕೊಂಡ ಮೂರು ಸಾವಿರದ ಸಾಮಾನಿಗೂ ಇರುವಂಥದು. ಅಧಿಕಾರಿ, ಅಂದರೆ ಓದಲು ಅರ್ಹನಾದವನು: ಈ ಲೆಕ್ಕ ಕೇಳಿಯೂ ನಾಚದವನು.

ಇಂಥ ಗ್ರಂಥ ಇದುವರೆಗೆ ಯಾಕೆ ಬರಲಿಲ್ಲವೆಂಬುದು ಸೋಜಿಗ. ಹಲ್ಲಿ ಎಡಭುಜದ ಮೇಲೆ ಬಿದ್ದರೆ ಏನು ಫಲವೆಂದು ಪಂಚಾಂಗದಲ್ಲೇ ಅಚ್ಚಾಗಿರುತ್ತದೆ. ಕಾದ ಐರನ್ ಎಡತೊಡೆಯ ಮೇಲೆ ಬಿದ್ದರೆ ಏನು ಫಲವೆಂದು ಯಾರೂ ಬರೆದಿಟ್ಟಿಲ್ಲ. ಎಲ್ಲರೂ ಸ್ವಾನುಭವದಿಂದಲೇ ಕಲಿಯಬೇಕಾಗಿದೆ.

ಹಾಗೆಂದು ಇದು ನಿನ್ನೆ ಮೊನ್ನೆ ಹುಟ್ಟಿದ ವಿದ್ಯೆಯಲ್ಲ. ಬೀದಿಬದಿಯಲ್ಲಿ ಕುಳಿತು ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕುತ್ತಿದ್ದವರೇ ಇದರ ಮೂಲಪುರುಷರು. ತಿದಿ ಒತ್ತಿ ಪಾತ್ರೆ ಕಾಯಿಸಿ, ನವಸಾಗರದ ಪುಡಿ ಉದುರಿಸಿ, ಬಿಳಿ ಹೊಗೆ ಎದ್ದ ಗಳಿಗೆಗೆ ತವರ ತಾಗಿಸಿ ಹತ್ತಿಯಿಂದ ತಿಕ್ಕಿದರೆ ಪಾತ್ರೆಯ ಒಳಮೈ ಬೆಳ್ಳಗಾಗುತ್ತಿತ್ತು. ಶಾಸ್ತ್ರದ ಮೂರೂ ಸೂತ್ರಗಳು ಇಲ್ಲಿವೆ: ಲೋಹ ಚೊಕ್ಕಟವಾಗಬೇಕು, ಲೋಹವೇ ಕಾಯಬೇಕು, ಆಮೇಲೆ ತವರ. ಇಂದಿನ ಇಂಜಿನಿಯರಿಂಗ್ ವಿದ್ಯಾರ್ಥಿ ಮೂರನೆಯದರಿಂದ ಶುರುಮಾಡುತ್ತಾನೆ. ತವರವನ್ನು ಐರನ್ ತುದಿಯಲ್ಲಿ ಕರಗಿಸಿಕೊಂಡು, ಹೊತ್ತು ತಂದು, ತಣ್ಣಗಿರುವ ವೈರಿನ ಮೇಲೆ ಸವರುತ್ತಾನೆ. ಅದು ಕೂರುತ್ತದೆ, ಪ್ರಾಜೆಕ್ಟ್ ವೈವಾ ಮುಗಿಯುವ ತನಕ ಕೆಲಸವನ್ನೂ ಮಾಡಬಹುದು. ಆಮೇಲೆ ಯಾರಾದರೂ ರೇಡಿಯೊ ರಿಪೇರಿಯವರಿಗೆ ತೋರಿಸಿದರೆ ಕನ್ನಡಕ ಮೇಲೆತ್ತಿ "ಡ್ರೈ ಸೋಲ್ಡರ್" ಅನ್ನುತ್ತಾರೆ. ಈ ತೀರ್ಪಿಗೆ ಮೇಲ್ಮನವಿ ಇಲ್ಲ.

ಮೊದಲೆಲ್ಲ ತಾಮ್ರದ ಗಟ್ಟಿ ತುದಿಯನ್ನು ಇದ್ದಿಲಿನಲ್ಲೋ ಬ್ಲೋಲ್ಯಾಂಪಿನಲ್ಲೋ ಕಾಯಿಸಿ, ಆರುವುದರೊಳಗೆ ಓಡಿಬರಬೇಕಿತ್ತು. 1921ರಲ್ಲಿ ಜರ್ಮನಿಯ ಎರ್ನ್ಸ್ಟ್ ಸಾಕ್ಸ್ ವಿದ್ಯುತ್ ಐರನ್‌ಗೆ ಪೇಟೆಂಟ್ ಪಡೆದು ಎರ್ಸಾ ಕಂಪನಿ ಹುಟ್ಟುಹಾಕಿದ ಮೇಲೆ ಓಟ ತಪ್ಪಿತು. ಆದರೆ ಐರನ್ ಹಚ್ಚಿಟ್ಟು ಊಟಕ್ಕೆ ಹೋಗುವ ಹೊಸದೊಂದು ಪಾಪಕ್ಕೂ ಅಂದೇ ದಾರಿಯಾಯಿತು. ಅದರ ವಿಚಾರ ಮುಂದಿದೆ.

ಇನ್ನು ಆಯ್ಕೆಯ ಪ್ರಕರಣ. ಬೆಂಗಳೂರಿನವರಿಗೆ ಈ ಶಾಸ್ತ್ರದ ಪುಣ್ಯಕ್ಷೇತ್ರ ಎಸ್.ಪಿ. ರೋಡು. ಸಾದರ ಪತ್ರಪ್ಪ ರಸ್ತೆ ಎಂದು ಪೂರ್ತಿ ಹೆಸರು ಹೇಳಿದರೆ ಆಟೋದವರು ಮುಖ ನೋಡುತ್ತಾರೆ. ಅಲ್ಲಿನ ಅಂಗಡಿಯೊಂದರಲ್ಲಿ ನಡೆಯುವ ಶಾಸ್ತ್ರಚರ್ಚೆ ಸಾಮಾನ್ಯವಾಗಿ ಹೀಗಿರುತ್ತದೆ:

"ಒಂದು ಸೋಲ್ಡ್ರಿಂಗ್ ಐರನ್ ಕೊಡಿ."

"ಎಷ್ಟು ವ್ಯಾಟ್ ಸರ್? ಇಪ್ಪತ್ತೈದಾ, ಅರವತ್ತಾ?"

"ಯಾವ್ದು ಒಳ್ಳೇದು?"

"ಏನ್ ಕೆಲ್ಸಕ್ಕೆ?"

"ಸುಮ್ನೆ, ಮನೇಲೊಂದಿರ್ಲಿ ಅಂತ."

"ಹಾಗಿದ್ರೆ ಇಪ್ಪತ್ತೈದು ಸಾಕು. ಅರವತ್ತು ತಗೊಂಡ್ರೆ ಬೋರ್ಡಿಂದ ಟ್ರ್ಯಾಕೇ ಎದ್ದು ಬರುತ್ತೆ."

ಅಂಗಡಿಯವರ ಈ ಕೊನೆಯ ಮಾತಿಗೆ ಒಂದು ಭಾಷ್ಯ ಬೇಕು. ವ್ಯಾಟ್ ಹೆಚ್ಚಾದಷ್ಟೂ ಬಿಸಿ ಹೆಚ್ಚು ಎಂದು ಪಾಮರರ ನಂಬಿಕೆ. ನೇರ ಪ್ಲಗ್ಗಿಗೆ ಸಿಕ್ಕಿಸುವ ಸಾದಾ ಐರನ್ ಮಟ್ಟಿಗೆ ಅದು ಹೆಚ್ಚುಕಡಿಮೆ ನಿಜ, ಏಕೆಂದರೆ ಎಲ್ಲಿ ನಿಲ್ಲಬೇಕೆಂದು ಅದಕ್ಕೆ ಗೊತ್ತಿಲ್ಲ. ಒಳಗೆ ಬರುವ ಶಾಖ ಗಾಳಿಗೆ ಹೋಗುವ ಶಾಖಕ್ಕೆ ಸಮವಾಗುವವರೆಗೂ ಕಾಯುತ್ತಲೇ ಇರುತ್ತದೆ. ಉಷ್ಣತೆಗೆ ಕಡಿವಾಣವಿರುವ ಸ್ಟೇಷನ್‌ನಲ್ಲಿ ಮಾತ್ರ ವ್ಯಾಟ್ ಎಂದರೆ ತುದಿ ಕಳೆದುಕೊಂಡ ಶಾಖವನ್ನು ಬೇಗ ತುಂಬಿಕೊಡುವ ತಾಕತ್ತು. ಆದ್ದರಿಂದ ಕಡಿವಾಣವುಳ್ಳ ಅರವತ್ತು ವ್ಯಾಟ್, ಕಡಿವಾಣವಿಲ್ಲದ ಇಪ್ಪತ್ತೈದಕ್ಕಿಂತ ಬೋರ್ಡಿಗೆ ಸೌಮ್ಯ. ಇದನ್ನು ಅಂಗಡಿಯವರು ಹೇಳುವುದಿಲ್ಲವೇಕೆಂದರೆ, "ಸುಮ್ನೆ ಮನೇಲೊಂದಿರ್ಲಿ" ಎಂದವನು ಸ್ಟೇಷನ್ ಕೊಳ್ಳುವವನಲ್ಲವೆಂದು ಅವರಿಗೆ ಗೊತ್ತು. ಅವರ ಶಾಸ್ತ್ರಜ್ಞಾನ ನಮ್ಮದಕ್ಕಿಂತ ಆಳವಾದದ್ದು.

ಸಾದಾ ಐರನ್‌ಗೇ ಕಡಿವಾಣ ಹಾಕುವ ಬಡವರ ಉಪಾಯವೊಂದುಂಟು: ವೈರಿನ ಸಾಲಿನಲ್ಲಿ ಒಂದು 1ಎನ್4007 ಡಯೋಡ್, ಅದಕ್ಕೆ ಅಡ್ಡಲಾಗಿ ಒಂದು ಸ್ವಿಚ್ಚು. ಸ್ವಿಚ್ ತೆಗೆದಾಗ ಅರ್ಧ ಅಲೆ ಮಾತ್ರ ಹಾದು ಇಪ್ಪತ್ತೈದು ವ್ಯಾಟ್ ಹನ್ನೆರಡೂವರೆಗೆ ಇಳಿಯುತ್ತದೆ, ಐರನ್ ತೂಕಡಿಸುತ್ತದೆ. ಕರೆಂಟಿನ ಜೊತೆ ಸಲಿಗೆಯಿರುವವರು ಮಾತ್ರ ಇದನ್ನು ಮಾಡತಕ್ಕದ್ದು.

ಮೂರು ಪಿನ್ನಿನ ಪ್ಲಗ್ಗಿರುವ ಐರನ್ನನ್ನೇ ಕೊಳ್ಳಿ. ಅರ್ಥ್ ಇಲ್ಲದ ಐರನ್ ಮೊದಲು ಸೂಕ್ಷ್ಮ ಚಿಪ್ಪುಗಳನ್ನು ಕೊಂದು ಆಮೇಲೆ ನಿಮ್ಮ ಬೆರಳಿಗೆ ಜುಮ್ಮೆನ್ನಿಸುತ್ತದೆ. ಸ್ಟ್ಯಾಂಡ್ ಕಡ್ಡಾಯ. ವೈರು ಸಿಲಿಕೋನ್‌ದಾದರೆ ಮೇಲು. ಪಿವಿಸಿ ವೈರಿನ ಐರನ್ ಎಂದೋ ಒಂದು ದಿನ ಹೊರಳಿ ತನ್ನ ಬಾಲವನ್ನು ತಾನೇ ಸುಟ್ಟುಕೊಳ್ಳುತ್ತದೆ, ಮನೆಯ ಫ್ಯೂಸಿನ ಸಮೇತ.

ಉಷ್ಣತೆಯ ಕಡಿವಾಣಗಳಲ್ಲಿ ನಮ್ಮ ಮನ ಸೋತದ್ದು ವೆಲ್ಲರ್ ಕಂಪನಿಯ ಮ್ಯಾಗ್ನಾಸ್ಟ್ಯಾಟ್ ತಂತ್ರಕ್ಕೆ. ಅದರಲ್ಲಿ ತಿರುಗುಗುಂಡಿಯಿಲ್ಲ, ಅಂಕಿ ಹೊಳೆಯುವ ಪರದೆಯಿಲ್ಲ. ಬಿಟ್‌ನ (ಅಂದರೆ ಕಾಯುವ ತುದಿಯ) ಬುಡದಲ್ಲೊಂದು ಲೋಹದ ಬಿಲ್ಲೆ. ಹಿಡಿಯೊಳಗೆ ಒಂದು ಅಯಸ್ಕಾಂತ. ತಣ್ಣಗಿರುವಾಗ ಅಯಸ್ಕಾಂತ ಬಿಲ್ಲೆಗೆ ಒಲಿದು ಮುಂದೆ ಬಂದು ಸ್ವಿಚ್ ಕೂಡಿಸುತ್ತದೆ. ಕಾದು ಒಂದು ಮಟ್ಟ ಮುಟ್ಟಿದಾಗ ಬಿಲ್ಲೆಯ ಕಾಂತಗುಣವೇ ಮಾಯವಾಗುತ್ತದೆ. ಸ್ಪ್ರಿಂಗ್ ಅಯಸ್ಕಾಂತವನ್ನು ಹಿಂದೆಳೆಯುತ್ತದೆ, ಕರೆಂಟ್ ಕಡಿಯುತ್ತದೆ. ಪಿಯೇರ್ ಕ್ಯೂರಿ 1895ರ ತನ್ನ ಪ್ರಬಂಧದಲ್ಲಿ ಬಿಸಿಗೂ ಕಾಂತಗುಣಕ್ಕೂ ಇರುವ ನಂಟನ್ನು ಅಳೆದದ್ದು ಹೀಗೆ ಮೆಕಾನಿಕ್‌ಗಳ ಅಂಗೈಗೆ ಬಂತು. ಬಿಟ್ ಮೇಲೆ 7 ಎಂದಿದ್ದರೆ 700 ಫ್ಯಾರನ್‌ಹೀಟ್, ನಮ್ಮ ಲೆಕ್ಕದಲ್ಲಿ ಸುಮಾರು 370 ಡಿಗ್ರಿ. ಬಿಸಿ ಬದಲಿಸಬೇಕೆಂದರೆ ಬಿಟ್ಟನ್ನೇ ಬದಲಿಸಬೇಕು. ಕೆಲಸದ ನಡುನಡುವೆ ಗುಂಡಿ ತಿರುಗಿಸುತ್ತ ಕೂರುವವರ ಚಪಲಕ್ಕೆ ಇದಕ್ಕಿಂತ ಒಳ್ಳೆಯ ಮದ್ದು ಕಾಣೆವು.

ಮಿಶ್ರಲೋಹ ಮೀಮಾಂಸೆಯಲ್ಲಿ ಮೂರು ಮತಗಳು. ತವರ ಒಂಟಿಯಾಗಿದ್ದರೆ ಕರಗುವುದು 232 ಡಿಗ್ರಿಗೆ, ಸೀಸ 327ಕ್ಕೆ. 63 ಪಾಲು ತವರ, 37 ಪಾಲು ಸೀಸ ಕೂಡಿಸಿದಿರೋ, ಎರಡೂ ತಮ್ಮ ಅಹಂಕಾರ ಬಿಟ್ಟು 183ಕ್ಕೇ ಕರಗುತ್ತವೆ, ನಡುವೆ ಎಲ್ಲೂ ನಿಲ್ಲದೆ ಗಟ್ಟಿಯಿದ್ದದ್ದು ಒಮ್ಮೆಗೇ ನೀರಾಗುತ್ತದೆ. ಇದು ಅದ್ವೈತ. 60/40ರಲ್ಲಿ ಕರಗಲು ತೊಡಗುವುದು 183ಕ್ಕಾದರೂ ಪೂರ್ತಿಯಾಗಲು ಸುಮಾರು 190 ಬೇಕು. ಆ ನಡುವಿನಲ್ಲಿ ದ್ರವದೊಳಗೆ ಗಟ್ಟಿ ಅಂಶ ವಿಶೇಷಣವಾಗಿ ಉಳಿದಿರುತ್ತದೆ. ಇದನ್ನು ವಿಶಿಷ್ಟಾದ್ವೈತವೆನ್ನದೆ ಏನೆನ್ನೋಣ? ಆ ಹೊತ್ತಿನಲ್ಲಿ ವೈರು ಅಲುಗಿಸಿದವನಿಗೆ ಡ್ರೈ ಸೋಲ್ಡರೇ ಗತಿ. ಕೊನೆಗೆ ಯುರೋಪಿನ ಒಕ್ಕೂಟ 2006ರ ಜುಲೈ 1ರಿಂದ ಎಲೆಕ್ಟ್ರಾನಿಕ್ ಸರಕಿನಲ್ಲಿ ಸೀಸಕ್ಕೆ ಬಹಿಷ್ಕಾರ ಹಾಕಿ, ತವರಕ್ಕೂ ಸೀಸಕ್ಕೂ ಭೇದ ನಿತ್ಯವೆಂದು ಸಾರಿತು. ಆ ದ್ವೈತಿಗಳ ಸೋಲ್ಡರಿನಲ್ಲಿ ತವರದ ಜೊತೆ ನೂರಕ್ಕೆ 3 ಪಾಲು ಬೆಳ್ಳಿ, ಅರ್ಧ ಪಾಲು ತಾಮ್ರ. ಕರಗಲು 217 ಡಿಗ್ರಿಯಾದರೂ ಬೇಕು. ಶೃಂಗೇರಿ, ಮೇಲುಕೋಟೆ, ಉಡುಪಿಗಳನ್ನು ಒಂದೇ ಪ್ರವಾಸದಲ್ಲಿ ನೋಡಿಬರುವ ಕನ್ನಡಿಗನಿಗೆ ಇದರಲ್ಲಿ ಗೊಂದಲವೇನಿಲ್ಲ. ಅಂಗಡಿಯಲ್ಲಿ ಯಾವ ರೀಲು ಇದೆಯೋ ಅದನ್ನು ತರುತ್ತಾನೆ. 22 ಗೇಜಿನದಾದರೆ ಸಣ್ಣ ಕೆಲಸಕ್ಕೆ ಸರಿ.

ಮೂಗಿಗೆ ಬರುವ ಹೊಗೆ ಸೀಸದ್ದೆಂದು ಹೆದರುವವರಿಗೆ ಒಂದು ಮಾತು. ಅದು ಸೋಲ್ಡರ್ ತಂತಿಯ ಒಳಗಿನ ರಾಳದ ಹೊಗೆ. ಉಬ್ಬಸ ತರಬಲ್ಲದು, ಆದ್ದರಿಂದ ಕಿಟಕಿ ತೆರೆದಿರಲಿ. ಸೀಸ ಒಳಹೋಗುವುದು ಬೆರಳಿನ ಮೂಲಕ. ಸೋಲ್ಡರ್ ಮುಟ್ಟಿದ ಕೈಯಲ್ಲೇ ಚುರುಮುರಿ ತಿನ್ನುವುದನ್ನು ಯಾವ ಮತವೂ ಒಪ್ಪುವುದಿಲ್ಲ.

ಈಗ ಸಿದ್ಧಾಂತಕ್ಕೆ ಬರೋಣ. ಹಿಡಿ, ವೈರು, ಕಾಗೆಬಂಗಾರದ ಮೇಲೆ ಸುತ್ತಿದ ಎಲಿಮೆಂಟು, ಇವೆಲ್ಲ ದೇಹ. ಐರನ್‌ನ ಆತ್ಮವಿರುವುದು ಬಿಟ್‌ನಲ್ಲಿ. ಈ ಆತ್ಮಕ್ಕೆ ಕೋಶಗಳುಂಟು: ಒಳಗೆ ತಾಮ್ರ, ಅದರ ಮೇಲೆ ಕಬ್ಬಿಣದ ಲೇಪ, ಹಿಂಭಾಗಕ್ಕೆ ಕ್ರೋಮಿಯಂ, ಕೆಲಸದ ತುದಿಗೆ ತವರ. ಕಬ್ಬಿಣ ಯಾಕೆಂದರೆ ಕರಗಿದ ತವರ ತಾಮ್ರವನ್ನು ತಿನ್ನುತ್ತದೆ. ಬರಿ ತಾಮ್ರದ ಬಿಟ್ ಇದ್ದ ಕಾಲದಲ್ಲಿ ಮೆಕಾನಿಕ್‌ಗಳು ಬೆಳಗ್ಗೆ ಅಂಗಡಿ ತೆರೆದು, ದೇವರ ಫೋಟೋಗೆ ಊದುಬತ್ತಿ ಬೆಳಗಿ, ಗುಳಿಬಿದ್ದ ಬಿಟ್‌ಗೆ ಅರ ಹಾಕಿ ಚೂಪು ಮಾಡುತ್ತಿದ್ದರು. ಆ ಯುಗಧರ್ಮವನ್ನು ಲೇಪದ ಬಿಟ್‌ಗೆ ಅನ್ವಯಿಸಿದರೆ ಅರದ ನಾಲ್ಕು ಎಳೆತಕ್ಕೆ ಕಬ್ಬಿಣ ಹೋಗಿ ತಾಮ್ರ ಇಣುಕುತ್ತದೆ. ಅಲ್ಲಿಂದಾಚೆ ಆ ಬಿಟ್ ಹೆಚ್ಚು ದಿನ ಬಾಳದು. ಆಕಾರದ ವಿಚಾರದಲ್ಲಿ ಹೊಸಬರೆಲ್ಲ ಸೂಜಿಮೊನೆಗೆ ಮರುಳಾಗುತ್ತಾರೆ. ಮೊನೆ ತಾಗುವ ಜಾಗ ಕಡಿಮೆ, ಶಾಖ ದಾಟುವುದಿಲ್ಲ. ಉಳಿಬಾಯಿಯ ಬಿಟ್ ಕೊಳ್ಳಿ ಎಂದು ಹೇಳಿ ಹೇಳಿ ಶಾಸ್ತ್ರಕಾರರ ಬಾಯಿ ಒಣಗಿದೆ.

ತುದಿ ಕಾದಿದೆಯೇ ಎಂದು ತಿಳಿಯಲು ಪ್ರಮಾಣಗಳು ಹಲವು. ಪ್ರತ್ಯಕ್ಷವೆಂದರೆ ಬೆರಳಿಟ್ಟು ನೋಡುವುದು; ಒಬ್ಬರು ಒಂದೇ ಸಲ ಬಳಸುವ ಪ್ರಮಾಣ ಇದು. ಅನುಮಾನಕ್ಕೆ ಬೆಟ್ಟದಲ್ಲಿ ಹೊಗೆಯಿದ್ದರೆ ಬೆಂಕಿಯಿದೆಯೆಂಬ ತರ್ಕದವರ ಹಳೆಯ ದೃಷ್ಟಾಂತ ಸಾಕು. ಆದರೆ ನಮ್ಮಲ್ಲಿ ಹೊಗೆ ಎರಡು ಬಗೆ. ರಾಳದ ಹೊಗೆಯಿಂದ ಐರನ್ ಕಾದಿದೆಯೆಂದು ಊಹಿಸಬೇಕು, ಬೋರ್ಡಿನ ಹೊಗೆಯಿಂದ ಹೊಸ ಬೋರ್ಡು ಕೊಳ್ಳಬೇಕೆಂದು.

ಹಚ್ಚಿಟ್ಟು ಊಟಕ್ಕೆ ಹೋದವರ ಪಾಪಕ್ಕೆ ಬರೋಣ. 350 ಡಿಗ್ರಿಯಲ್ಲಿ ತವರದ ಹೊದಿಕೆಯಿಲ್ಲದೆ ಬಿಟ್ಟ ತುದಿ ಗಾಳಿಗೆ ಆಕ್ಸೈಡಾಗಿ ಕಪ್ಪಾಗುತ್ತದೆ. ಅದಕ್ಕೆ ಸೋಲ್ಡರ್ ಮುಟ್ಟಿಸಿ ನೋಡಿ: ಕರಗಿದ ಗುಂಡು ತುದಿಯ ಅಂಚಿನಲ್ಲಿ ಅರೆಗಳಿಗೆ ನಡುಗಿ, ಮೈಗೆ ಮೈ ತಾಗಿಸದೆ ಜಾರಿ, ಮೇಜಿನ ಮೇಲೆ ಚಪ್ಪಟೆಯಾಗಿ ಬೀಳುತ್ತದೆ. ಆದ್ದರಿಂದ ವಿಧಿ: ಒರೆಸುವುದು ಕೆಲಸಕ್ಕೆ ಮುಂಚೆ, ಮಲಗಿಸುವಾಗ ಅಲ್ಲ. ಕೆಲಸ ಮುಗಿದ ಮೇಲೆ ತುದಿಗೆ ಇನ್ನಷ್ಟು ಸೋಲ್ಡರ್ ಮೆತ್ತಿ, ಹಾಗೆಯೇ ಆರಲು ಬಿಡಬೇಕು. ತೊಳೆದಿಟ್ಟರೇ ಶುದ್ಧವೆಂದು ನಂಬಿದವರ ಮನೆಯಲ್ಲಿ ಈ ಮಾತು ನಡೆಯುವುದು ಕಷ್ಟ. ಅಂಥವರಿಗೆ ಉಪಮಾನ ಪ್ರಮಾಣವೇ ಗತಿ: ದೋಸೆಕಾವಲಿಗೆ ಸೋಪು ಹಾಕಿ ತಿಕ್ಕಿಟ್ಟು, ಮಾರನೆಯ ಬೆಳಗ್ಗೆ ಮೊದಲ ದೋಸೆ ಎಬ್ಬಿಸಲು ಹೇಳಿ.

ಒರೆಸುವುದು ಯಾವುದರಿಂದ ಎಂಬಲ್ಲಿ ಸ್ಪಂಜಿನವರಿಗೂ ಹಿತ್ತಾಳೆನಾರಿನವರಿಗೂ ಮುಗಿಯದ ವ್ಯಾಜ್ಯ. ಒದ್ದೆ ಸ್ಪಂಜಿಗೆ ಮುಟ್ಟಿದೊಡನೆ ತುದಿ ಥಟ್ಟನೆ ಆರಿ ಲೇಪಕ್ಕೆ ಧಕ್ಕೆಯಾಗುತ್ತದೆಂದು ಹಿತ್ತಾಳೆಯವರು. ಹಿಂಡಿದ ಸ್ಪಂಜಾದರೆ ಏನೂ ಆಗದೆಂದು ಸ್ಪಂಜಿನವರು. ನಾವು ಹಿತ್ತಾಳೆಯ ಪಕ್ಷ, ಕಾರಣ ಸಿದ್ಧಾಂತಕ್ಕಿಂತ ಬೋರ್‌ವೆಲ್: ನಮ್ಮ ಏರಿಯಾದ ಗಡಸು ನೀರಿನಲ್ಲಿ ನೆನೆದ ಸ್ಪಂಜು ತುದಿಗೆ ಸುಣ್ಣವನ್ನೇ ಬಳಿಯುತ್ತದೆ. ಪಾತ್ರೆ ತೊಳೆಯುವ ಸ್ಪಂಜನ್ನು ಕತ್ತರಿಸಿ ಇಡುವವರಿಗೆ ಎರಡೂ ಪಕ್ಷಗಳಲ್ಲಿ ಜಾಗವಿಲ್ಲ. ಅದು ಕರಗಿ ಮೆತ್ತಿಕೊಳ್ಳುತ್ತದೆ.

ಕಪ್ಪಾದ ತುದಿಗೆ ಪ್ರಾಯಶ್ಚಿತ್ತವಿದೆ. ಟಿಪ್ ಟಿನ್ನರ್ ಎಂಬ ಪುಟ್ಟ ಡಬ್ಬಿಯಲ್ಲಿರುವುದು ಸಾಮಾನ್ಯವಾಗಿ ತವರದ ಪುಡಿ ಮತ್ತು ಅಮೋನಿಯಂ ಲವಣ, ಅಂದರೆ ಕಲಾಯಿಯವರ ನವಸಾಗರದ ದಾಯಾದಿ. ಅದರಲ್ಲಿ ಕಾದ ತುದಿಯನ್ನು ಅದ್ದಿ ಹೊರಳಿಸಿ, ಹೊಸ ಸೋಲ್ಡರ್ ಹಾಯಿಸಿದರೆ ಎಷ್ಟೋ ಬಿಟ್‌ಗಳು ಬದುಕುತ್ತವೆ. ಸ್ಕ್ರೂ ಬಿಗಿಯುವ ಬಿಟ್ಟಾದರೆ ಆಗಾಗ ಸಡಿಲಿಸಿ ಹೊರಗೆಳೆದು ಒಳಗಿನ ಕಿಟ್ಟ ಕೊಡವಿ. ಇಲ್ಲವಾದರೆ ಎಲಿಮೆಂಟೂ ಬಿಟ್ಟೂ ಬಿಡಿಸಲಾಗದಂತೆ ಒಂದಾಗಿ ಸಹಗಮನ ಮಾಡುತ್ತವೆ.

ಕೊನೆಯದು ಗೃಹಸ್ಥ ಪ್ರಕರಣ. ಮನೆಯಲ್ಲಿ ಐರನ್ ಇದೆಯೆಂದು ತಿಳಿದ ದಿನವೇ ಅಡುಗೆಮನೆಯಿಂದ ಕರೆ ಬರುತ್ತದೆ: "ಆ ಕರೆಂಟಿನ ಕಡ್ಡಿ ಸ್ವಲ್ಪ ಕಾಯಿಸ್ಕೊಡೋ, ಬಕೆಟ್ಟು ಸೀಳಿದೆ." ಮುನ್ನೂರ ಐವತ್ತು ಡಿಗ್ರಿಯ ತುದಿ ಪ್ಲಾಸ್ಟಿಕ್ಕಿಗೆ ಇಳಿದು ಕರಿ ಹೊಗೆ ಎದ್ದಾಗ ಶಾಸ್ತ್ರಜ್ಞನ ಕರುಳು ಚುರುಕ್ ಅನ್ನುತ್ತದೆ, ಸೀಳು ಮಾತ್ರ ಚೆನ್ನಾಗಿ ಕೂಡಿಕೊಂಡಿರುತ್ತದೆ. ಇಂಥ ಬಿಟ್ ಮತ್ತೆ ಬೋರ್ಡಿಗೆ ಯೋಗ್ಯವೇ ಎಂಬ ಪ್ರಶ್ನೆಗೆ ನಮ್ಮ ನಿರ್ಣಯ: ಅಲ್ಲ. ಲೇಪ ಸವೆದ ಹಳೆಯ ಬಿಟ್ ಒಂದನ್ನು ಎಸೆಯದೆ, ಬುಡಕ್ಕೆ ಕೆಂಪು ದಾರ ಸುತ್ತಿ ಡಬ್ಬಿಯಲ್ಲಿಡಿ, ಕಾಯಿಸುವಾಗ ದಾರ ಬಿಚ್ಚಲು ಮರೆಯಬೇಡಿ. ಸುದ್ದಿ ಹಬ್ಬಿ ಪಕ್ಕದ ಮನೆಯವರೂ ಕೊಡ, ಮೊರ, ಚಪ್ಪಲಿ ಹಿಡಿದು ಬರುವುದರಿಂದ ಅಂಥದು ಎರಡಿದ್ದರೆ ಒಳ್ಳೆಯದು.