ಗುಳ್ಳೆ ಬಾರದಂತೆ ತುಂಬಿ

ಹೊಸೂರಿನ ಕಡೆ ನೀರಿನ ಮೇಲೆ ಪಿಎಚ್‌ಡಿ ಮಾಡಿದವನನ್ನು ಮದುವೆಮನೆಯಲ್ಲಿ ನೆಮ್ಮದಿಯಾಗಿ ಉಣ್ಣಲು ಬಿಡುವುದಿಲ್ಲ. "ತೋಟದಲ್ಲಿ ಬೋರ್ ಹಾಕ್ಸಬೇಕು, ಒಂದು ಪಾಯಿಂಟ್ ನೋಡಿಕೊಡಪ್ಪ" ಎಂದು ತಳಿ ಊರಿನ ಸೋದರಮಾವ ಎಲೆಯ ಮುಂದೆಯೇ ಹಿಡಿಯುತ್ತಾರೆ. ನನ್ನದು ನೀರು ಹುಡುಕುವ ವಿದ್ಯೆಯಲ್ಲ, ಸಿಕ್ಕ ನೀರು ಎಷ್ಟು ಕೆಟ್ಟಿದೆ ಎಂದು ಹೇಳುವ ವಿದ್ಯೆ ಅಂದರೆ ಅವರ ಮುಖದಲ್ಲಿ ಕನಿಕರ. ಅಂಗೈಯಲ್ಲಿ ತೆಂಗಿನಕಾಯಿ ಹಿಡಿದು ಹೊಲ ಸುತ್ತುವವರಿಗೇ ಇಲ್ಲಿ ಬೇಡಿಕೆ. ಅವರು ನಿಂತ ಜಾಗದಲ್ಲೇ ಫಲಿತಾಂಶ ಕೊಡುತ್ತಾರೆ. ಆಧಾರಗ್ರಂಥ ಯಾರೂ ಕೇಳುವುದಿಲ್ಲ.

ನನಗೆ ಬೇಕಾದ ಕಚ್ಚಾಮಾಲನ್ನು ಬೆಂಗಳೂರು ಪುಕ್ಕಟೆ ಕಳಿಸುತ್ತದೆ. ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟಿದ ದಕ್ಷಿಣ ಪಿನಾಕಿನಿ, ಬೆಳ್ಳಂದೂರು-ವರ್ತೂರು ಕೆರೆಗಳ ಕೋಡಿನೀರನ್ನೂ ಕೂಡಿಸಿಕೊಂಡು ಗಡಿ ದಾಟಿ, ತೆನ್‌ಪೆಣ್ಣೈ ಎಂದು ಹೆಸರು ಬದಲಿಸಿಕೊಂಡು ಕೆಲವರಪಳ್ಳಿ ಅಣೆಗೆ ಬರುತ್ತದೆ. ಹೆಸರು ಬದಲಾದರೂ ವಾಸನೆ ಬದಲಾಗಿಲ್ಲ. ಜೋರು ಮಳೆಗೆ ಗೇಟು ಎತ್ತಿದರೆ ಸೋಪಿನಪುಡಿ, ಕೊಳಚೆ, ಧುಮುಕುವ ರಭಸ ಮೂರೂ ಸೇರಿ ರಾಶಿ ರಾಶಿ ಬಿಳಿ ನೊರೆ.

ಅದರ ಪಕ್ಕದಲ್ಲಿ ಕೂತು ನಾನು ಬಿಒಡಿ ಪರೀಕ್ಷೆಗೆ ನೀರು ಹಿಡಿಯಬೇಕು. 300 ಮಿ.ಲೀ. ಗಾಜಿನ ಬಾಟಲಿ, ನಿಯಮ ಏನೆಂದರೆ ಒಳಗೆ ಒಂದು ಗುಳ್ಳೆಯೂ ಹೋಗಕೂಡದು! ಬ್ರಿಟಿಷರು ಇದನ್ನು 20 ಡಿಗ್ರಿಯಲ್ಲಿ 5 ದಿನ ಇಡುತ್ತಿದ್ದರು, ಅವರ ನದಿಗಳು ಅಷ್ಟರೊಳಗೆ ಸಮುದ್ರ ಸೇರುತ್ತವಂತೆ. ನಮ್ಮ ಸೆಕೆಗೆ 27 ಡಿಗ್ರಿ, 3 ದಿನ. ಅಷ್ಟರಲ್ಲಿ ಸೂಕ್ಷ್ಮಜೀವಿಗಳು ಎಷ್ಟು ಆಮ್ಲಜನಕ ತಿಂದವೋ ಅಷ್ಟು ಕೊಳೆ. ದಂಡೆಯ ಗುಲಾಬಿ ತೋಟದ ಅಜ್ಜಿ ಸೆರಗನ್ನು ಮೂಗಿಗೆ ಒತ್ತಿಕೊಂಡೇ ಕೇಳಿದರು: "ಮೂರು ದಿನ ಯಾಕಪ್ಪ? ಇಲ್ಲೇ ಒಂದ್ಸಲ ಜೋರಾಗಿ ಉಸಿರು ಎಳ್ಕೊ, ಗೊತ್ತಾಗುತ್ತೆ."

ಹೊಳೆ ಬೇಡವೆಂದು ಬೋರ್‌ಗೆ ಹೋದರೆ ಕೃಷ್ಣಗಿರಿಯ ಬಂಡೆಯೊಳಗಿನ ಫ್ಲೋರೈಡ್ ಕಾದಿರುತ್ತದೆ. ಲೀಟರಿಗೆ 1.5 ಮಿ.ಗ್ರಾಂ ದಾಟಿದರೆ ಹಲ್ಲಿಗೆ, ಮೂಳೆಗೆ ಕೇಡು. ಜಪಾನಿನ ಸಾಲ ತಂದು, 2013ರಲ್ಲಿ ಹೊಗೇನಕಲ್ಲಿನಿಂದ ಕಾವೇರಿಯನ್ನು ಈ ಜಿಲ್ಲೆಗೆ ಹತ್ತಿಸಿದ್ದು ಅದಕ್ಕೇ.

ಇಷ್ಟನ್ನೂ ಬರೆದು ಕಳಿಸಿದ ಪ್ರಬಂಧ ಹಿಂದಿರುಗಿ ಬಂದಿದೆ. ಮೊದಲ ವಿಮರ್ಶಕರಿಗೆ ನೊರೆಯ ಚಿತ್ರದಲ್ಲಿರುವುದು ಹಿಮವೇ ಎಂಬ ಅನುಮಾನ. ಎರಡನೆಯವರು ಸಜ್ಜನರು, ಇನ್ನೊಂದು ಮಳೆಗಾಲದ ಮಾದರಿ ಸೇರಿಸಿದರೆ ಒಪ್ಪುತ್ತಾರಂತೆ. ಆಗಲಿ. ಸರಬರಾಜಿನ ವಿಷಯದಲ್ಲಿ ಬೆಂಗಳೂರು ನನಗೆ ಇದುವರೆಗೂ ಕೈಕೊಟ್ಟಿಲ್ಲ.