ಜಾತ್ರಾಪಥದರ್ಶಕ ಆ್ಯಪ್: ಒಂದು ಮೀಮಾಂಸೆ

ಬಾದಾಮಿಯಿಂದ ಐದು ಕಿಲೋಮೀಟರ್ ದೂರದ ಚೊಳಚಗುಡ್ಡದಲ್ಲಿ ಬನದ ಹುಣ್ಣಿಮೆಗೆ ತೇರೆಳೆದ ಮೇಲೆ ವಾರಗಟ್ಟಲೆ ನಡೆಯುವ ಬನಶಂಕರಿ ಜಾತ್ರೆಯಲ್ಲಿ ಜನ ತಪ್ಪಿಸಿಕೊಳ್ಳುವುದು ತಲೆಮಾರುಗಳ ಸಂಪ್ರದಾಯ. ಈ ಸಂಪ್ರದಾಯವನ್ನು ಬುಡಸಹಿತ ಕೀಳಬಲ್ಲ ಆ್ಯಪೊಂದರ ಲಕ್ಷಣ ನಿರೂಪಣೆಯೇ ಪ್ರಸ್ತುತ ಪ್ರಬಂಧದ ಉದ್ದೇಶ.

ಪೂರ್ವಪಕ್ಷ ಹೀಗಿದೆ: ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಜಿಪಿಎಸ್ ಉಪಗ್ರಹಗಳು ಸುತ್ತುತ್ತಿವೆ, ನಾಲ್ಕರ ಸಂಕೇತ ಸಿಕ್ಕರೆ ಬಯಲಿನಲ್ಲಿ ಫೋನು ನಮ್ಮ ಠಿಕಾಣಿಯನ್ನು ಐದಾರು ಮೀಟರ್ ಆಚೀಚೆ ಹೇಳುತ್ತದೆ. ಒಪ್ಪಿದೆವು. ಆದರೆ ಜಾತ್ರೆಯ ಐದಾರು ಮೀಟರಿನೊಳಗೆ ಒಂದು ಬಳೆ ಅಂಗಡಿ, ಎರಡು ಮಿರ್ಚಿ ಭಜಿ ಗಾಡಿ ಮತ್ತು ಹುನಗುಂದದಿಂದ ಟ್ರ್ಯಾಕ್ಟರಿನಲ್ಲಿ ಬಂದಿಳಿದ ಬೀಗರ ಇಡೀ ಬಳಗ ಹಿಡಿಸುತ್ತದೆ.

ಹಾಗಾದರೆ ಸ್ಥಿರಬಿಂದು ಯಾವುದು? ಎಲ್ಲರೂ ಹೇಳುವುದು ಒಂದೇ: ‘ಹೊಂಡದ ದಂಡಿಗೆ ನಿಂತೀನಿ, ಲಗೂನ ಬಾ.’ ಗುಡಿಯ ಮುಂದಿನ ಹರಿದ್ರಾತೀರ್ಥ 360 ಅಡಿಯ ಚೌಕ. ದಂಡೆಯ ಸುತ್ತಳತೆ 1,440 ಅಡಿ. ಮೂರು ಬದಿಗೆ ಸಾಲು ಕಂಬಗಳ ಕಲ್ಲು ಮಂಟಪ, ಯಾವ ಕಂಬ ನೋಡಿದರೂ ಈಗಷ್ಟೇ ನೋಡಿದ ಕಂಬವೇ. ಗಂಡ ಹೆಂಡತಿ ಒಬ್ಬರನ್ನೊಬ್ಬರು ಹುಡುಕುತ್ತ ಒಂದೇ ದಿಕ್ಕಿಗೆ ಒಂದೇ ವೇಗದಲ್ಲಿ ಸುತ್ತಿದರೆ ಮುಂದಿನ ಬನದ ಹುಣ್ಣಿಮೆವರೆಗೂ ಭೇಟಿಯಾಗರು. ಇದು ಗಣಿತ, ದಾಂಪತ್ಯದ ಮಾತಲ್ಲ. ಆದ್ದರಿಂದ ನಿಲ್ಲತಕ್ಕವರು ಯಾರು ಎಂಬುದನ್ನು ಆ್ಯಪ್ ಇನ್‌ಸ್ಟಾಲ್ ಆಗುವಾಗಲೇ ಇತ್ಯರ್ಥ ಮಾಡಿಕೊಳ್ಳತಕ್ಕದ್ದು.

ಉಡುಪಿನಿಂದ ಗುರುತಿಸೋಣವೆಂದರೆ ‘ಇಳಕಲ್ ಸೀರೆ, ಕೆಂಪು ಸೆರಗು’ ಎಂಬ ಲಕ್ಷಣಕ್ಕೆ ಘೋರ ಅತಿವ್ಯಾಪ್ತಿ ದೋಷ. ಸೆರಗಿನ ತೋಪುತೆನಿ ಸಮೇತ ಹುಡುಕಿದರೂ ಬಾಗಲಕೋಟೆಯ ಅರ್ಧ ಅತ್ತೆಯಂದಿರು ಪರದೆಯ ಮೇಲೆ ಮೂಡುತ್ತಾರೆ. ತಪ್ಪು ಅತ್ತೆಯನ್ನು ಒತ್ತಿದವನ ಗತಿಯನ್ನು ಈ ಪ್ರಬಂಧ ಚರ್ಚಿಸುವುದಿಲ್ಲ.

ಕ್ಯಾಮೆರಾ ಬಳಸುವ ವಿಧಾನವೂ ಇದೆ. ಆದರೆ ಈ ಜಾತ್ರೆಗೆ ಬಾಗಿಲು ಚೌಕಟ್ಟುಗಳು ಮಾರಾಟಕ್ಕೆ ಬರುತ್ತವೆ. ಕೆತ್ತನೆಯ ಹೊಸ್ತಿಲು, ಮೇಲೆ ಗಣಪ, ಹಿಂದೆ ಮನೆಯೇ ಇಲ್ಲ. ‘ಎದುರಿನ ಬಾಗಿಲಿನಿಂದ ಒಳಗೆ ಹೋಗಿ’ ಎಂದು ಆ್ಯಪ್ ಹೇಳಿದರೆ ಬಳಕೆದಾರ ಸಾಲಾಗಿ ಎಲ್ಲ ಬಾಗಿಲು ದಾಟಿ, ಕೊನೆಗೆ ವ್ಯಾಪಾರಿಯ ಕೈಗೆ ಸಿಕ್ಕು ಒಂದರ ಬೆಲೆ ಚೌಕಾಸಿ ಮಾಡುತ್ತಿರುತ್ತಾನೆ.

ಉಳಿದದ್ದು ಶಬ್ದಪ್ರಮಾಣ. ರಾತ್ರಿಯಿಡೀ ನಾಟಕ ಕಂಪನಿಗಳ ಟೆಂಟುಗಳಿಂದ ಮೈಕು ಮೊಳಗುತ್ತಿರುತ್ತದೆ. ಎಡಗಿವಿಗೆ ನಾಯಕಿಯ ಅಳು, ಬಲಗಿವಿಗೆ ಖಳನಾಯಕನ ನಗು ಸಮಸಮ ಕೇಳಿದರೆ ನೀವು ಎರಡು ಟೆಂಟುಗಳ ನಟ್ಟನಡುವೆ ಇದ್ದೀರಿ. ಉಪಗ್ರಹಕ್ಕಿಂತ ಈ ವಿಧಾನ ಮೇಲು. ಆದರೆ ನಾಯಕಿ ನಗತೊಡಗಿದ ಕೂಡಲೇ ನಕ್ಷೆ ತಿರುವುಮುರುವು.

ಇನ್ನು ಸಿದ್ಧಾಂತ. ಗುಡಿಯ ಹತ್ತಿರ ಬುಟ್ಟಿಯಲ್ಲಿ ಜೋಳದ ರೊಟ್ಟಿ, ಪುಂಡಿಪಲ್ಯ, ಅಗಸಿ ಹಿಂಡಿ, ಗಡಿಗೆಯಲ್ಲಿ ಕೆನೆಮೊಸರು ಇಟ್ಟುಕೊಂಡು ಕೂರುವ ಅವ್ವಂದಿರಿದ್ದಾರೆ. ತೊಟ್ಟಿಲು ಎಲ್ಲಿ, ಬಸ್ಸು ಎಲ್ಲಿ, ಅಳುತ್ತಿದ್ದ ಹುಡುಗನನ್ನು ಯಾರು ಕರೆದೊಯ್ದರು, ಅವರಿಗೆ ಎಲ್ಲವೂ ಗೊತ್ತು. ಚಾರ್ಜ್ ಬೇಡ, ಸಿಗ್ನಲ್ ಬೇಡ. ಮೊದಲು ಉಣ್ಣಬೇಕು, ಅಷ್ಟೇ. ಆ್ಯಪ್ ಮಾಡಬೇಕಾದ ಕೆಲಸ ಅತ್ಯಂತ ಸಮೀಪದ ರೊಟ್ಟಿ ಬುಟ್ಟಿಯನ್ನು ತೋರಿಸುವುದು ಮಾತ್ರ ಎಂಬುದು ನಮ್ಮ ನಿರ್ಣಯ.

ಅದು ಈ ಸಲದ ತೇರಿನೊಳಗೆ ಸಿದ್ಧವಾಗುವ ಲಕ್ಷಣವಿಲ್ಲ. ಓದುಗರು ದಯವಿಟ್ಟು ಮಕ್ಕಳ ಜೇಬಿನಲ್ಲಿ ಫೋನ್ ನಂಬರಿನ ಚೀಟಿ ಇಡಿ, ಕೈ ಬಿಡಬೇಡಿ.