ಇಂಧನದ್ವಾರ ಮೀಮಾಂಸೆ

ಕಾರಿನ ಹಿಂಬದಿಯ ಚಕ್ರದ ಮೇಲ್ಗಡೆ, ಎಡಕ್ಕೋ ಬಲಕ್ಕೋ, ಅಂಗೈಗಿಂತ ತುಸು ದೊಡ್ಡದಾಗಿ, ಮೈಬಣ್ಣದಲ್ಲೇ ಬೆರೆತುಹೋಗಿರುವ ಪುಟ್ಟ ಕದವನ್ನು ಈ ಪ್ರಬಂಧದಲ್ಲಿ ಇಂಧನದ್ವಾರವೆಂದು ಕರೆಯಲಾಗಿದೆ. ಪೆಟ್ರೋಲ್ ಬಂಕಿನಲ್ಲಿ ಇದನ್ನು ಟ್ಯಾಂಕ್ ಮುಚ್ಚಳವೆನ್ನುವುದೇ ರೂಢಿಯಾದರೂ, ಅದರ ಒಳಗೆ ತಿರುಗಿಸಿ ತೆಗೆಯುವ ಮತ್ತೊಂದು ಮುಚ್ಚಳವಿರುವುದರಿಂದ ಶಾಸ್ತ್ರಚರ್ಚೆಯಲ್ಲಿ ಗೊಂದಲ ಬೇಡವೆಂದು ಈ ಏರ್ಪಾಡು. ಇತರ ಬಾಗಿಲುಗಳಿಗಿರುವ ಹಿಡಿ ಈ ಕದಕ್ಕಿಲ್ಲ. ರಾತ್ರಿಹೊತ್ತು ಪೈಪು ಇಳಿಬಿಟ್ಟು ಪೆಟ್ರೋಲ್ ಕದಿಯುವವರನ್ನು ದೂರವಿಡಬೇಕೆಂಬ ಸದುದ್ದೇಶವೇ ಇದಕ್ಕೆ ಕಾರಣವಾಗಿದ್ದು, ಅದೇ ಕದ ಕಾರಿನ ಯಜಮಾನನನ್ನೂ ಅಷ್ಟೇ ನಿಷ್ಪಕ್ಷಪಾತವಾಗಿ ದೂರವಿಡಬಲ್ಲದೆಂಬ ಸಂಗತಿ ಟ್ಯಾಂಕು ಬರಿದಾದ ದಿನವೇ ತಿಳಿದುಬರುತ್ತದೆ.

ಅನೇಕ ಕಾರುಗಳಲ್ಲಿ ಈ ದ್ವಾರವನ್ನು ತೆರೆಯುವ ಅಧಿಕಾರ ಚಾಲಕನ ಆಸನದ ಬಲಮಗ್ಗುಲಲ್ಲಿ ನೆಲಕ್ಕಂಟಿಕೊಂಡಿರುವ ಒಂದು ಲಿವರಿಗೆ ಸೇರಿದ್ದು. ಅದನ್ನು ಎತ್ತಿದರೆ ನೆಲಹಾಸಿನ ಕೆಳಗೆ ಕಾರಿನ ಹಿಂಭಾಗದವರೆಗೂ ಹರಿದಿರುವ ಕೇಬಲ್ ಬಿಗಿಯಾಗಿ, ಕದವನ್ನು ಹಿಡಿದಿಟ್ಟಿರುವ ಕೊಂಡಿ ಒಳಕ್ಕೆ ಸರಿಯುತ್ತದೆ. ಹೊರಗೊಂದು ಕೊಳವೆ, ಅದರೊಳಗೆ ಜಾರುವ ತಂತಿ ಎಂಬ ಈ ಬಗೆಯ ಕೇಬಲ್‌ಗೆ ಅರ್ನೆಸ್ಟ್ ಬೌಡನ್ ಎಂಬಾತ 1896ರಲ್ಲಿ ಪೇಟೆಂಟ್ ಪಡೆದಿದ್ದು, ಸೈಕಲ್ಲಿನ ಬ್ರೇಕಿನಲ್ಲಿ ಎಲ್ಲರೂ ಕಂಡಿರುವುದೂ ಇದನ್ನೇ. ಇಂಥ ತಂತಿ ಎಳೆಯಬಲ್ಲದೇ ಹೊರತು ದೂಡಲಾರದು. ಆದ್ದರಿಂದ ಕೊಂಡಿ ಬಿಟ್ಟಮೇಲೆ ಕದವನ್ನು ಹೊರಕ್ಕೆ ದೂಡುವ ಕೆಲಸವನ್ನು ಬೇರೊಂದು ಸಣ್ಣ ಸ್ಪ್ರಿಂಗಿಗೆ ವಹಿಸಲಾಗಿದ್ದು, ಆ ಸ್ಪ್ರಿಂಗ್ ಸೋತರೆ ಕಥೆ ವಿಚಿತ್ರವಾಗುತ್ತದೆ: ಲಿವರ್ ಎದ್ದಿದೆ, ಕೇಬಲ್ ಎಳೆದಿದೆ, ಕೊಂಡಿ ಬಿಟ್ಟಿದೆ, ಕದ ಮಾತ್ರ ಉಪಚಾರದ ಮಾತಿಗಾಗಿ ಕಾದು ಕುಳಿತ ಬೀಗರಂತೆ ಇದ್ದಲ್ಲೇ ಇದೆ.

ಕದ ಯಾವ ಬದಿಗಿದೆಯೆಂದು ತಿಳಿಸಲು ಪೆಟ್ರೋಲ್ ಮುಳ್ಳಿನ ಪಕ್ಕದಲ್ಲಿರುವ ಪುಟ್ಟ ಬಾಣದ ಗುರುತನ್ನು 1986ರಲ್ಲಿ ಸೂಚಿಸಿದವರು ಫೋರ್ಡ್ ಕಂಪನಿಯ ಎಂಜಿನಿಯರ್ ಜಿಮ್ ಮೊಯ್ಲನ್. ಮಳೆಯಲ್ಲಿ ಪಂಪಿಗೆ ತಪ್ಪು ಬದಿಯನ್ನು ಕೊಟ್ಟು ನಿಲ್ಲಿಸಿ ತೊಯ್ದುಹೋದದ್ದೇ ಅವರಿಗೆ ಪ್ರೇರಣೆಯಾಯಿತು. ಸರಿಯಾದ ಬದಿಗೇ ನಿಲ್ಲಿಸಿದ ಮೇಲೂ ಕದ ತೆರೆಯುವುದೋ ಇಲ್ಲವೋ ಎಂದು ಮುಂಚಿತವಾಗಿ ತಿಳಿಸುವ ಬಾಣವನ್ನು ಈವರೆಗೆ ಯಾವ ಮಹನೀಯರೂ ಸೂಚಿಸಿದಂತಿಲ್ಲ.

ಕದ ಜಪ್ಪಯ್ಯ ಎಂದರೂ ತೆರೆಯದಿರಲು ಕಾರಣಗಳು ಹಲವು. ಕೇಬಲ್ ಸಡಿಲಗೊಂಡಿರಬಹುದು, ಅದರ ತುದಿ ಲಿವರಿನಿಂದ ಕಳಚಿರಬಹುದು, ಕೀಲಿಗೆ ಧೂಳು ಸೇರಿ ತುಕ್ಕು ಹಿಡಿದಿರಬಹುದು, ಟಿಂಕರಿಂಗ್ ಮಾಡಿಸಿದಾಗ ಬಳಿದ ಹೊಸ ಬಣ್ಣ ಅಂಚಿಗೆ ಕಚ್ಚಿಕೊಂಡಿರಬಹುದು. ಲಿವರೇ ಇಲ್ಲದ ಕೆಲವು ಕಾರುಗಳಲ್ಲಿ ಸೆಂಟ್ರಲ್ ಲಾಕ್ ಬಿಡಿಸಿ ಕದವನ್ನು ಒಳಕ್ಕೆ ಒತ್ತಿದರೆ ಅದು ಹೊರಬರುತ್ತದೆ. ಇಂಥ ಕಾರನ್ನು ಹೊಸದಾಗಿ ಕೊಂಡವರು ಇಲ್ಲದ ಲಿವರಿಗಾಗಿ ಆಸನದ ಕೆಳಗೆಲ್ಲ ತಡಕಾಡುವುದು ಬೇರೆಯೇ ಒಂದು ಅಧ್ಯಯನಕ್ಕೆ ವಸ್ತುವಾದೀತು.

ಸ್ಪ್ರಿಂಗ್ ಸೋತ ಕದಕ್ಕೆ ಇರುವ ಪ್ರಸಿದ್ಧ ಚಿಕಿತ್ಸೆಯೆಂದರೆ, ಒಬ್ಬರು ಒಳಗೆ ಲಿವರನ್ನು ಎತ್ತಿ ಹಿಡಿದಿರುವಾಗಲೇ ಇನ್ನೊಬ್ಬರು ಹೊರಗೆ ಕದದ ಅಂಚನ್ನು ಉಗುರಿನಿಂದ ಮೀಟುವುದು. ಒಬ್ಬನೇ ಕುಳಿತು ನೂರಾರು ಮೈಲಿ ಓಡಿಸಬಹುದಾದ ಯಂತ್ರವು ಈ ಒಂದು ಘಳಿಗೆಯಲ್ಲಿ ಎರಡನೆಯ ಮನುಷ್ಯನನ್ನು ಬೇಡುತ್ತದೆ, ಏಕೆಂದರೆ ಆಸನದ ಪಕ್ಕದಿಂದ ಹಿಂಬದಿಯ ಚಕ್ರದವರೆಗೆ ಚಾಚುವಷ್ಟು ಉದ್ದದ ಕೈಯನ್ನು ಸೃಷ್ಟಿಕರ್ತ ಯಾವ ಚಾಲಕನಿಗೂ ದಯಪಾಲಿಸಿಲ್ಲ. ವಿವರಣೆಯ ಅನುಕೂಲಕ್ಕಾಗಿ, ತಿಪಟೂರಿನಿಂದ ತೆಂಗಿನಕಾಯಿ ಚೀಲ ಹೇರಿಕೊಂಡು ಬೆಂಗಳೂರಿಗೆ ಹೊರಟ ಹಳೆಯ ಕಾರೊಂದು ನೆಲಮಂಗಲದ ಆಸುಪಾಸಿನ ಬಂಕಿನಲ್ಲಿ ಭಾನುವಾರ ಸಂಜೆ ನಿಂತಿದೆಯೆಂದು ಭಾವಿಸಿಕೊಳ್ಳಬಹುದು. ಅದರ ಚಾಲಕನು ಲಲಿತ ಪ್ರಬಂಧ ಬರೆಯುವ ಚಪಲವುಳ್ಳವನೆಂದು ಭಾವಿಸಿಕೊಂಡರೂ ವಾದಕ್ಕೆ ಬಾಧಕವಿಲ್ಲ.

ಬಂಕಿನ ನಿಯಮದಂತೆ ಎಂಜಿನ್ ಆರಿಸಿ ಕೀಲಿಕೈ ತೆಗೆದಾಗಿದೆ. ಕೀಲಿಕೈ ತೆಗೆದುದರಿಂದ ಪವರ್ ವಿಂಡೋ ಗಾಜು ಇಳಿಯುವುದಿಲ್ಲ. ಬಲಗಡೆಯ ಬಾಗಿಲನ್ನು ತೆರೆಯೋಣವೆಂದರೆ ಸ್ಕೂಟರುಗಳ ಸಾಲು ಒತ್ತಿಕೊಂಡು ನಿಂತಿದೆ. ಹೀಗೆ ಚಾಲಕನು ಗಾಜಿನ ಪೆಟ್ಟಿಗೆಯೊಳಗೆ ಕುಳಿತು ಲಿವರ್ ಹಿಡಿದಿರುವಾಗ, ಹೊರಗೆ ಎಡಬದಿಯಲ್ಲಿ ಕದ ಮೀಟುತ್ತಿರುವ ಬಂಕಿನ ಹುಡುಗನ ಮಾತು ಆತನಿಗೆ ಕೇಳಿಸದೆ, ಹಿಂದಿನ ಸೀಟಿನಲ್ಲಿರುವ ಗೃಹಿಣಿಯು ಎಡಬಾಗಿಲನ್ನು ಅರ್ಧ ತೆರೆದು ಸುದ್ದಿವಾಹಕಿಯ ಹೊಣೆಯನ್ನು ಹೊರಬೇಕಾಗುತ್ತದೆ. “ಎಳೀರಿ ಸಾರ್” ಎಂದು ಹುಡುಗ ಹೇಳಿದ್ದು “ಎಳೀಬೇಕಂತೆ ಕಣ್ರೀ” ಎಂದಾಗಿ ಮುಂದಿನ ಸೀಟನ್ನು ತಲುಪಿ, ಆತ ಬಗ್ಗಿ ಲಿವರ್ ಎತ್ತುವಷ್ಟರಲ್ಲಿ, ಹುಡುಗ ಕಾದು ಸಾಕಾಗಿ “ಬಿಡಿ ಸಾರ್, ಇನ್ನೊಂದ್ಸಲ ನೋಡಣ” ಎಂದಿರುತ್ತಾನೆ. ಆ ಮಾತು ಒಳಗೆ ಬಂದು ಆತ ಲಿವರ್ ಬಿಡುವ ಹೊತ್ತಿಗೆ ಹುಡುಗ ಮತ್ತೆ ಕದದ ಅಂಚಿಗೆ ಉಗುರು ಹಾಕಿರುತ್ತಾನೆ. ಎಳೆದಾಗ ಮೀಟುವವರಿಲ್ಲ, ಮೀಟುವಾಗ ಎಳೆಯುವವರಿಲ್ಲ. “ಎಳೆದೇ ಇದೀನಿ ಅಂತ ಹೇಳೇ” ಎಂದು ಆತ ಗುಡುಗಿದ್ದನ್ನು ಗೃಹಿಣಿ “ಅವರು ಎಳೀತಾನೇ ಇದಾರಂತೆ ಕಣಪ್ಪ, ಪಾಪ” ಎಂದು ಸಾತ್ವಿಕವಾಗಿ ರೂಪಾಂತರಿಸಿ ತಲುಪಿಸುವುದರಿಂದ, ಪ್ರಸಂಗದ ತುರ್ತು ಹೊರಗಿನವನಿಗೆ ಗೊತ್ತಾಗುವುದೇ ಇಲ್ಲ. ರೋಷದಿಂದ ಇನ್ನಷ್ಟು ಬಲವಾಗಿ ಎಳೆಯಲು ಹೋದ ಕೈಗೆ ಪಕ್ಕದ ಲಿವರ್ ಸಿಕ್ಕಿ, ಡಿಕ್ಕಿಯು ಗಂಭೀರವಾಗಿ ಮೇಲೆದ್ದು, ತೆಂಗಿನಕಾಯಿ ಚೀಲ, ಹಲಸಿನ ಹಪ್ಪಳದ ಡಬ್ಬ ಮತ್ತು ಹರಿದ ಕೊಡೆಯೊಂದನ್ನು ಸರದಿಯಲ್ಲಿದ್ದ ಸಮಸ್ತರಿಗೂ ದರ್ಶನ ಮಾಡಿಸುತ್ತದೆ.

ಸರದಿಯಲ್ಲಿರುವವರ ವಿಷಯವನ್ನು ಇಲ್ಲಿ ಹೇಳದೆ ವಿಧಿಯಿಲ್ಲ. ತೆರೆಯದ ಕದವೊಂದು ಕಣ್ಣಿಗೆ ಬಿದ್ದೊಡನೆ ಇಡೀ ಬಂಕು ವಿದ್ವತ್ಸಭೆಯಾಗಿ, ತಲೆಗೊಂದು ಸಲಹೆ ಹೊರಡುತ್ತದೆ. ಸ್ಕ್ರೂಡ್ರೈವರ್ ಹಾಕಿ ಎಬ್ಬಿಸಿ ಎಂದು ಒಬ್ಬರು (ಬಣ್ಣ ಕಿತ್ತುಹೋಗುವುದು ಅವರ ಕಾರಿನದಲ್ಲ), ಎಟಿಎಂ ಕಾರ್ಡು ತೂರಿಸಿ ಎಂದು ಇನ್ನೊಬ್ಬರು (ಮುರಿಯುವುದು ಅವರ ಕಾರ್ಡಲ್ಲ), ಈ ಮಾಡೆಲ್ ತಗೊಂಡಿದ್ದೇ ತಪ್ಪು ಎಂದು ಮತ್ತೊಬ್ಬರು. ಇವರಲ್ಲಿ ಯಾರೂ ಮುಂದೆ ಬಂದು ಒಂದು ಬೆರಳು ಕೊಡುವುದಿಲ್ಲ, ಹಾರನ್ನನ್ನು ಮಾತ್ರ ಧಾರಾಳವಾಗಿ ಕೊಡುತ್ತಾರೆ.

ಬೆರಳು ಕೊಡುವವನು ಬಂಕಿನ ಹುಡುಗ. ಯಾವ ಕಾರಿನ ಕದವನ್ನು ಮೀಟಬೇಕು, ಯಾವುದನ್ನು ಅಂಗೈಯಿಂದ ಗುದ್ದಬೇಕು, ಯಾವುದರ ಕೀಲು ದುರ್ಬಲ ಎಂಬುದೆಲ್ಲ ಅವನಿಗೆ ಗೊತ್ತು. ಆ ತಿಳಿವಳಿಕೆಗೆ ಸಂಬಳದ ಪಟ್ಟಿಯಲ್ಲಿ ಕಲಮು ಇರಲಾರದು. ಕ್ಯಾನ್ಸರ್‌ಕಾರಕವಾದ ಬೆನ್ಜೀನ್ ಪೆಟ್ರೋಲಿನಲ್ಲಿ ಶೇಕಡಾ 1ನ್ನು ಮೀರಬಾರದೆಂದು ನಮ್ಮಲ್ಲಿ ನಿಯಮವಿದ್ದು, ಉಳಿದವರು ಗಾಜು ಏರಿಸಿಕೊಂಡು ಕುಳಿತಿರುವಾಗ ಆ ಶೇಕಡಾ 1ರೊಳಗಿನ ಆವಿಯನ್ನು ಪಾಳಿಯುದ್ದಕ್ಕೂ ಉಸಿರಾಡುವವನು ಅವನೇ. ಅವನಿಗೆ ಕಾರಿನೊಳಗಿನಿಂದ ಮೊದಲು ತಲುಪುವ ಮಾತು “ಪೇಂಟ್ ಹುಷಾರಪ್ಪ” ಎಂಬುದು. ಸುದ್ದಿವಾಹಕಿಯು ಈ ಒಂದು ಮಾತನ್ನು ಮಾತ್ರ ಯಾವ ರೂಪಾಂತರವೂ ಇಲ್ಲದೆ ತಲುಪಿಸಿದಳೆಂಬುದನ್ನೂ ದಾಖಲಿಸಬೇಕು.

ಪರಿಹಾರ ದೊರೆತದ್ದು ತೆರೆದುಕೊಂಡ ಡಿಕ್ಕಿಯಿಂದ. ಅನೇಕ ಕಾರುಗಳಲ್ಲಿ ಡಿಕ್ಕಿಯ ಒಳಗೋಡೆಯ ಹಾಸಿನ ಹಿಂದೆ, ಕದವಿರುವ ಬದಿಗೇ, ಕೇಬಲಿನ ತುದಿ ಕೈಗೆ ಸಿಗುವಂತಿರುತ್ತದೆ. ಲಿವರ್ ಕೈಕೊಟ್ಟಾಗ ಅದನ್ನು ನೇರವಾಗಿ ಎಳೆದು ಕೊಂಡಿ ಬಿಡಿಸಬಹುದು. ಹುಡುಗ ತೆಂಗಿನಕಾಯಿ ಚೀಲವನ್ನು ಪಕ್ಕಕ್ಕೆ ದೂಡಿ, ಒಂದು ಕೈಯನ್ನು ಹಾಸಿನ ಹಿಂದೆ ತೂರಿಸಿ, ಇನ್ನೊಂದು ಕೈಯ ಉಗುರನ್ನು ಹೊರಗಡೆ ಕದದ ಅಂಚಿಗಿಟ್ಟು, ಎರಡನ್ನೂ ಒಟ್ಟಿಗೇ ಎಳೆದನು. ಡಿಕ್ಕಿಯಿಂದ ಕದಕ್ಕೆ ಒಂದು ಮೊಳದ ದೂರವೂ ಇಲ್ಲದಿರುವುದರಿಂದ ಎರಡಾಳಿನ ಕೆಲಸ ಅಲ್ಲಿ ಒಬ್ಬನಿಂದಲೇ ಆಗುತ್ತದೆ. ಟಕ್ಕೆಂದಿತು. ಅದೇ ಕ್ಷಣದಲ್ಲಿ ಒಳಗೆ ಹಲ್ಲು ಕಚ್ಚಿ ಲಿವರ್ ಎತ್ತುತ್ತಿದ್ದ ಚಾಲಕನು ಸದ್ದು ಕೇಳಿ “ನೋಡಿದ್ಯಾ, ಎಳೆಯೋ ರೀತಿ ಎಳೀಬೇಕು” ಎಂದು ಹೆಂಡತಿಗೆ ತಿಳಿಸಿದನೆಂದೂ, ಆ ಮಾತನ್ನು ಆಕೆ ಹೊರಗೆ ದಾಟಿಸಲಿಲ್ಲವೆಂದೂ ಭಾವಿಸಿಕೊಳ್ಳಬಹುದು.

ಅನಂತರ “ಜೀರೋ ನೋಡ್ಕೊಳ್ಳಿ ಸಾರ್, ಎಷ್ಟಕ್ಕೆ?” ಎಂಬ ಪ್ರಶ್ನೆ ಬರುತ್ತದೆ. ಇಷ್ಟು ಪಾಡುಪಟ್ಟು ತೆರೆಸಿದ ಕದಕ್ಕೆ ಟ್ಯಾಂಕ್ ತುಂಬ ಹಾಕಿಸಿಕೊಳ್ಳುವುದೇ ವಿವೇಕವಾದರೂ, ಬಾಯಿಪಾಠವಾಗಿರುವ ಉತ್ತರ ಯೋಚನೆಗಿಂತ ಮುಂಚೆಯೇ ಹೊರಟು “ಐನೂರಕ್ಕೆ” ಎಂದುಬಿಡುತ್ತದೆ. ಈಗಿನ ದರದಲ್ಲಿ ಐದು ಲೀಟರೂ ಬಾರದ ಆ ಪೆಟ್ರೋಲು ಟ್ಯಾಂಕಿನ ತಳ ಸೇರುತ್ತಿರುವಾಗ, ಕದವನ್ನು ಪೂರ್ತಿ ಮುಚ್ಚದೆ ಸಂದಿಗೊಂದು ರಬ್ಬರ್ ಚೂರು ಇಡಿಸಬೇಕೆಂಬ ಉಪಾಯ ಚಾಲಕನಿಗೆ ಹೊಳೆದು, ಅದನ್ನು ಹೆಂಡತಿಗೆ ಹೇಳಿ, ಆಕೆ ಬಾಗಿಲನ್ನು ಅರ್ಧ ತೆರೆದು “ಮುಚ್ಚಬೇಡ್ವಂತಪ್ಪ” ಎನ್ನುವಷ್ಟರಲ್ಲಿ ಹುಡುಗ ಅಭ್ಯಾಸಬಲದಿಂದ ಅದನ್ನು ಟಪ್ಪೆಂದು ಮುಚ್ಚಿ ಮುಂದಿನ ಕಾರಿಗೆ ಹೋಗಿದ್ದನು.